ಹೆರೋನನ ಊರಲ್ಲಿ ಉಗಿಬಂಡಿ ಓಡುತ್ತದೆಯೇ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರ್. ಬಿಡುವಿನಲ್ಲಿ ಒಂದು ಕಾಲಯಾನದ ಕಾದಂಬರಿ ಬರೆಯುತ್ತಿದ್ದೇನೆ. ದಾವಣಗೆರೆಯ ಎಂಜಿನಿಯರ್ ಒಬ್ಬ ಕ್ರಿ.ಶ. 62ರಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕಣ್ಣು ಬಿಡುತ್ತಾನೆ. ಆ ಊರಿನ ಯಂತ್ರಪಂಡಿತ ಹೆರೋನನನ್ನು ಹುಡುಕಿಕೊಂಡು ಹೋಗಿ, ಅವನ ಉಗಿ ಗೋಳವನ್ನು ತಿದ್ದಿ, ಐದು ವರ್ಷದಲ್ಲಿ ಉಗಿಬಂಡಿ ಓಡಿಸುತ್ತಾನೆ. ನಡುವೆ ಸಿಡಿಮದ್ದು, ಅಚ್ಚುಯಂತ್ರ ಎಲ್ಲ ಬರುತ್ತವೆ. ಓದಿದ ಗೆಳೆಯರು "ಯಾಕೋ ನಂಬೋಕೆ ಆಗಲ್ಲ" ಅಂದರು. ಎಲ್ಲಿ ಎಡವಿದ್ದೇನೆ? ಅಲ್ಲಿ ನಮ್ಮ ಕಡೆಯ ವ್ಯಾಪಾರಿಗಳು ಸಿಗುವಂತೆ ಬರೆಯಬಹುದೇ? ಮೊದಲ ಮೂರು ಅಧ್ಯಾಯ ಕಳಿಸಿದ್ದೇನೆ.

ಉತ್ತರ: ಊರು, ವರ್ಷ ಎರಡನ್ನೂ ಚೆನ್ನಾಗಿ ಆರಿಸಿದ್ದೀರಿ. ಹೆರೋನ್ ಯಾವ ಕಾಲದವನು ಅನ್ನುವುದು ಬಹಳ ದಿನ ಜಗಳದ ವಿಷಯವಾಗಿತ್ತು. ಅವನ ಒಂದು ಪುಸ್ತಕದಲ್ಲಿ ರೋಮ್‌ಗೂ ಅಲೆಕ್ಸಾಂಡ್ರಿಯಾಕ್ಕೂ ಎಷ್ಟು ದೂರ ಎಂದು ಲೆಕ್ಕ ಹಾಕಲು ಒಂದು ಚಂದ್ರಗ್ರಹಣದ ಉದಾಹರಣೆ ಬರುತ್ತದೆ. ಆ ವಿವರಗಳಿಗೆ ಹೊಂದುವುದು ಕ್ರಿ.ಶ. 62ರ ಮಾರ್ಚ್ 13ರ ಗ್ರಹಣ ಎಂದು ಗಣಿತದ ಇತಿಹಾಸಕಾರ ಆಟೊ ನ್ಯೂಗೆಬೌವರ್ 1938ರಲ್ಲಿ ತೋರಿಸಿದರು. ಈಗ ಬಹಳ ಜನ ಒಪ್ಪುವುದು ಅದನ್ನೇ. ಅಂದರೆ ನಿಮ್ಮ ನಾಯಕ ಆ ಊರಿಗೆ ಬೀಳುವ ರಾತ್ರಿಗೆ ಒಂದು ಗ್ರಹಣ ಪುಕ್ಕಟೆ ಸಿಕ್ಕಿದೆ. ಮೊದಲ ಅಧ್ಯಾಯದಲ್ಲಿ ಅದನ್ನು ಸುಮ್ನೆ ಬಿಟ್ಟುಬಿಟ್ಟಿದ್ದೀರಿ.

ಗೆಳೆಯರಿಗೆ ನಂಬಿಕೆ ಬಾರದಿರುವುದಕ್ಕೆ ಕಾರಣ ನನಗೆ ಕಾಣುವುದು ಇಷ್ಟು. ನಿಮ್ಮ ನಾಯಕ ಐಡಿಯಾ ಹೊತ್ತು ತರುತ್ತಾನೆ. ಆ ಊರಲ್ಲಿ ಐಡಿಯಾಗೇನೂ ಬರ ಇರಲಿಲ್ಲ. ಹೆರೋನ್ ನಾಣ್ಯ ಹಾಕಿದರೆ ತೀರ್ಥ ಸುರಿಸುವ ಪೆಟ್ಟಿಗೆ, ಬೆಂಕಿ ಹಚ್ಚಿದರೆ ತಾನಾಗಿ ತೆರೆಯುವ ಗುಡಿಯ ಬಾಗಿಲು, ಬೆಂಕಿ ಆರಿಸುವ ಪಂಪು ಎಲ್ಲವನ್ನೂ ಬರೆದಿಟ್ಟವನು. ಅವನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಅದೇ ಊರಿನ ಕ್ಟೆಸಿಬಿಯಸ್ ಸಿಲಿಂಡರು, ಪಿಸ್ಟನ್ನು, ವಾಲ್ವು ಸೇರಿಸಿ ನೀರೆತ್ತುವ ಪಂಪು ಮಾಡಿದ್ದ. ಇಲ್ಲದ್ದು ಏನು? ಬೀಡು ಕಬ್ಬಿಣ, ಕಲ್ಲಿದ್ದಲು, ಲೋಹ ಕೊರೆಯುವ ಬೋರಿಂಗ್ ಮಷೀನು, ಮತ್ತೆ ಮುಖ್ಯವಾಗಿ ಗಿರಾಕಿ. ಇದು ಸಾಲದು ಎನ್ನುವಂತೆ ನಾಯಕನಿಗೆ ಆ ಊರಲ್ಲಿ ಹೆಸರಿಲ್ಲ, ದುಡ್ಡಿಲ್ಲ, ಜಾಮೀನು ನಿಲ್ಲುವವರಿಲ್ಲ. ಕಥೆ ಇರುವುದೇ ಈ ಇಲ್ಲಗಳಲ್ಲಿ. ನೀವು ಅವನ್ನೆಲ್ಲ ಒಂದೊಂದು ವಾಕ್ಯದಲ್ಲಿ ದಾಟಿಸಿಬಿಟ್ಟಿದ್ದೀರಿ.

ಉಗಿ ಗೋಳವನ್ನೇ ತಗೊಳ್ಳಿ. ಕೆಳಗೆ ಮುಚ್ಚಿದ ಹಂಡೆ, ಅದರಡಿ ಬೆಂಕಿ. ಹಂಡೆಯಿಂದ ಮೇಲೆದ್ದ ಬಾಗಿದ ಕೊಳವೆಯೊಂದು ಟೊಳ್ಳು ಗೋಳದ ಒಂದು ಪಕ್ಕಕ್ಕೆ ಸೇರುತ್ತದೆ. ಎದುರು ಪಕ್ಕದಲ್ಲಿ ಗೋಳಕ್ಕೆ ಆಧಾರವಾಗಿ ಒಂದು ಮೊಳೆ. ಗೋಳದ ಮೈಮೇಲೆ ಎದುರುಬದುರಾಗಿ ಬಾಗಿದ ಎರಡು ಮೂತಿ. ಉಗಿ ಮೂತಿಯಿಂದ ಹೊರಗೆ ನುಗ್ಗುತ್ತದೆ, ಗೋಳ ತಿರುಗುತ್ತದೆ. ಈ ಕಾಲದಲ್ಲಿ ಮಾಡಿ ನೋಡಿದ ಮಾದರಿಗಳು ನಿಮಿಷಕ್ಕೆ 1500 ಸುತ್ತಿನ ಆಸುಪಾಸು ತಿರುಗಿವೆ. ಕೇಳೋಕೆ ಜೋರಾಗಿದೆ, ಅಲ್ವಾ? ಆದರೆ ಬೆರಳು ಇಟ್ಟರೆ ನಿಂತುಬಿಡುವಷ್ಟು ಕಡಿಮೆ ಬಲ. ತೊಂದರೆ ಇರುವುದು ಕೊಳವೆ ಗೋಳದೊಳಗೆ ಹೋಗುವ ಜಾಗದಲ್ಲಿ. ಆ ಕೀಲು ಬಿಗಿ ಮಾಡಿದರೆ ಗೋಳ ತಿರುಗುವುದಿಲ್ಲ. ಸಡಿಲ ಬಿಟ್ಟರೆ ಉಗಿಯೆಲ್ಲ ಅಲ್ಲೇ ಸೋರಿಹೋಗುತ್ತದೆ. ಎರಡನೇ ಅಧ್ಯಾಯದಲ್ಲಿ ನಿಮ್ಮ ನಾಯಕ "ಒಂದು ಗ್ಯಾಸ್ಕೆಟ್ ಹಾಕಿದರಾಯಿತು" ಅನ್ನುತ್ತಾನೆ. ಯಾವುದರ ಗ್ಯಾಸ್ಕೆಟ್? ರಬ್ಬರಿಲ್ಲ. ತೊಗಲು ಬಿಸಿಗೆ ಸುಟ್ಟು ಚಕ್ಕೆಯಾಗುತ್ತದೆ. ನಾರಿಗೆ ಕೊಬ್ಬು ಸವರಿ ಸುತ್ತಿದರೆ ಒಂದಿಷ್ಟು ಹೊತ್ತು ತಡೆದೀತು. ಆ ಒದ್ದಾಟವನ್ನು ಎರಡು ಪುಟ ಬರೆದರೆ ನಿಮ್ಮ ಗೆಳೆಯರಲ್ಲಿ ಅರ್ಧ ಜನ ನಂಬುತ್ತಾರೆ.

ಗೋಳ ಬಿಟ್ಟು ನೇರ ಪಿಸ್ಟನ್ ಎಂಜಿನ್ನಿಗೆ ಹಾರಿದರೆ? ನಿಮ್ಮ ನಾಯಕ ಜೇಮ್ಸ್ ವಾಟ್‌ನ ಎಂಜಿನ್ ನೆನಪಿಸಿಕೊಂಡು ಚಿತ್ರ ಬರೆಯುತ್ತಾನೆ. ವಾಟ್‌ಗೆ ಪೇಟೆಂಟ್ ಸಿಕ್ಕಿದ್ದು 1769ರಲ್ಲಿ. ಆದರೂ ವರ್ಷಗಟ್ಟಲೆ ಸಿಲಿಂಡರು ಸರಿಯಾಗಿ ಗುಂಡಗೆ ಬರದೆ ಅವನು ಕೈ ಹಿಸುಕಿಕೊಂಡ. 1774ರಲ್ಲಿ ಜಾನ್ ವಿಲ್ಕಿನ್ಸನ್ ಫಿರಂಗಿ ಕೊರೆಯಲು ಹೊಸ ಬಗೆಯ ಬೋರಿಂಗ್ ಯಂತ್ರ ಮಾಡಿದ. ಆಮೇಲೆ ಅದನ್ನೇ ಬದಲಿಸಿ ಸಿಲಿಂಡರು ಕೊರೆದುಕೊಟ್ಟ ಮೇಲಷ್ಟೇ ವಾಟ್‌ನ ಎಂಜಿನ್ ವ್ಯಾಪಾರಕ್ಕೆ ಬಂತು. 50 ಇಂಚು ಅಗಲದ ಸಿಲಿಂಡರಿನಲ್ಲಿ ಹಳೇ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ವ್ಯತ್ಯಾಸವಿಲ್ಲ ಎಂದು ವಾಟ್‌ನ ಪಾಲುದಾರ ಬೌಲ್ಟನ್ ಹೆಮ್ಮೆಯಿಂದ ಬರೆದ. ಅವರ ಪಾಲಿಗೆ ಅದೇ ದೊಡ್ಡ ಸಾಧನೆ. ಇಂದಿನ ಯಾವ ಸಣ್ಣ ವರ್ಕ್‌ಶಾಪಿನ ಲೇತ್ ಮುಂದೆ ನಿಂತವನೂ ಅದನ್ನು ಕೇಳಿ ನಕ್ಕಾನು.

ಹಾಗಾಗಿ ವಾಟ್ ಬೇಡ, ಅವನಿಗಿಂತ ಹಿಂದೆ ಹೋಗಿ. 1712ರಲ್ಲಿ ಇಂಗ್ಲೆಂಡಿನ ಡಡ್ಲಿ ಹತ್ತಿರ ಥಾಮಸ್ ನ್ಯೂಕಮೆನ್ ನಿಲ್ಲಿಸಿದ ಎಂಜಿನ್ ಇದೆಯಲ್ಲ, ಅದು ನಿಮ್ಮ ನಾಯಕನ ಕೈಗೆ ಎಟುಕುವಂಥದ್ದು. ಅದರ ಸಿಲಿಂಡರು ಹಿತ್ತಾಳೆಯದು, ಸುಮಾರು 21 ಇಂಚು ಅಗಲ. ಉಗಿಯ ಒತ್ತಡ ಹೆಚ್ಚೇನಿಲ್ಲ, ಹಾಗಾಗಿ ಬಾಯ್ಲರ್ ಸಿಡಿಯುವ ಭಯ ಕಡಿಮೆ. ಸಿಲಿಂಡರಿನಲ್ಲಿ ಉಗಿ ತುಂಬಿಸಿ ತಣ್ಣೀರು ಚಿಮ್ಮಿಸುತ್ತಾರೆ. ಉಗಿ ನೀರಾಗಿ ಕುಗ್ಗುತ್ತದೆ, ಹೊರಗಿನ ಗಾಳಿಯೇ ಪಿಸ್ಟನನ್ನು ಕೆಳಗೆ ಒತ್ತುತ್ತದೆ. ಪಿಸ್ಟನ್ ಸುತ್ತ ತೊಗಲು, ಅದರ ಮೇಲೆ ಒಂದು ಪದರ ನೀರು ನಿಲ್ಲಿಸಿದರೆ ಸೋರುವುದು ನಿಲ್ಲುತ್ತದೆ. ಎರಕ ಹೊಯ್ಯುವುದರಲ್ಲಿ ಪಳಗಿದ, ಕಂಚಿನ ಆಳೆತ್ತರದ ಮೂರ್ತಿ ಮಾಡುತ್ತಿದ್ದ ಜನಕ್ಕೆ ಆ ಸಿಲಿಂಡರು ಎರಕ ಹೊಯ್ದು ಒಳಗಡೆ ಕೈಯಲ್ಲಿ ಉಜ್ಜಿ ನುಣುಪು ಮಾಡುವುದು ಕಷ್ಟ, ಆದರೆ ಆಗದ ಕೆಲಸವಲ್ಲ. ಇದನ್ನು ನಾನು ನಂಬುತ್ತೇನೆ.

ಆಮೇಲೆ ಏನು? ಅದು ಉರಿಸುವ ಸೌದೆಯ ಶಾಖದಲ್ಲಿ ನೂರಕ್ಕೆ ಒಂದು ಪಾಲೂ ಕೆಲಸವಾಗಿ ಬರುವುದಿಲ್ಲ. ನ್ಯೂಕಮೆನ್ ಎಂಜಿನ್ ಬದುಕಿದ್ದೇ ಕಲ್ಲಿದ್ದಲು ಗಣಿಯ ಬಾಯಲ್ಲಿ ನಿಂತದ್ದರಿಂದ. ಅಲ್ಲಿ ಯಾರೂ ಕೊಳ್ಳದ ಪುಡಿ ಕಲ್ಲಿದ್ದಲು ರಾಶಿ ರಾಶಿ ಬಿದ್ದಿರುತ್ತಿತ್ತು. ಆಗಿನ ಈಜಿಪ್ಟಿನಲ್ಲಿ ಕಲ್ಲಿದ್ದಲು ಸಿಗುತ್ತಿರಲಿಲ್ಲ, ಕಾಡಂತೂ ಇಲ್ಲವೇ ಇಲ್ಲ. ಅಲ್ಲಿ ಹೊಲಕ್ಕೆ ನೀರೆತ್ತಲು ಏತ ಇದೆ, ಆರ್ಕಿಮಿಡೀಸನ ತಿರುಗು ಕೊಳವೆ ಇದೆ, ಅದನ್ನು ತುಳಿಯುವ ಕೂಲಿಯವನಿದ್ದಾನೆ. ಎಂಜಿನ್ನಿಗೆ ಹಾಕುವ ಸೌದೆಯ ಖರ್ಚಿಗಿಂತ ಅವನ ಕೂಲಿ ಅಗ್ಗ. ಇನ್ನು ಬಂಡಿ? ನ್ಯೂಕಮೆನ್‌ನಿಂದ ಟ್ರೆವಿಥಿಕ್‌ನ ಹಳಿ ಮೇಲಿನ ಉಗಿಬಂಡಿಗೆ, ಅಂದರೆ 1712ರಿಂದ 1804ಕ್ಕೆ, ತೊಂಬತ್ತು ವರ್ಷ ಹಿಡಿಯಿತು. ಅದೂ ಕಲ್ಲಿದ್ದಲು, ಕಬ್ಬಿಣ, ಬಂಡವಾಳ ಮೂರೂ ಇದ್ದ ದೇಶದಲ್ಲಿ. ಐದು ವರ್ಷದ ಲೆಕ್ಕ ಬಿಡಿ. ಬಂಡಿಯನ್ನೇ ಬಿಡಿ ಅನ್ನುವುದು ನನ್ನ ಸಲಹೆ.

ಸಿಡಿಮದ್ದಿನ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಗಂಧಕ ಸಿಸಿಲಿಯಿಂದ ಬರುತ್ತದೆ, ಇದ್ದಿಲು ಸಿಗುತ್ತದೆ. ನೂರಕ್ಕೆ 75 ಪಾಲು ಬೇಕಾದ ಪೆಟ್ಲುಪ್ಪು ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ಈಜಿಪ್ಟಿನ ಅಂಗಡಿಯಲ್ಲಿ ಬೇಕಾದಷ್ಟು ಸಿಗುವುದು ನೇಟ್ರಾನ್, ಅದು ಒಂಥರಾ ಸೋಡಾ. ಬಟ್ಟೆ ಒಗೆಯಲು, ಗಾಜು ಮಾಡಲು, ಹೆಣ ಒಣಗಿಸಲು ಬರುತ್ತದೆ, ಸಿಡಿಯಲು ಬರುವುದಿಲ್ಲ. ಪೆಟ್ಲುಪ್ಪು ಬೇಕಾದರೆ ಕೊಟ್ಟಿಗೆ ಮಣ್ಣು ಕೆರೆದು, ನೀರಲ್ಲಿ ಕಲಸಿ, ಬೂದಿ ಸೇರಿಸಿ, ಕುದಿಸಿ, ಹರಳುಗಟ್ಟಿಸಬೇಕು. ಮತ್ತೆ ಕರಗಿಸಿ ಮತ್ತೆ ಹರಳುಗಟ್ಟಿಸಬೇಕು. ಮಾಡಬಹುದು. ಮೊದಲ ಸಲ ಸರಿಬರುವುದಿಲ್ಲ ಅಷ್ಟೇ. ನಿಮ್ಮ ಕಥೆಯಲ್ಲಿ ಮೊದಲ ಸಲವೇ ಗೋಡೆ ಹಾರಿಹೋಗುತ್ತದೆ!

ಈ ದಾರಿಯಲ್ಲಿ ಹಿಂದೆ ಹೋದವರು ಇದ್ದಾರೆ. ಎಲ್. ಸ್ಪ್ರೇಗ್ ಡಿ ಕ್ಯಾಂಪ್ ಬರೆದ 'ಲೆಸ್ಟ್ ಡಾರ್ಕ್‌ನೆಸ್ ಫಾಲ್' 1939ರಲ್ಲಿ ಪತ್ರಿಕೆಯಲ್ಲಿ ಬಂದು 1941ರಲ್ಲಿ ಪುಸ್ತಕವಾಯಿತು. ಅದರ ನಾಯಕ ಪ್ಯಾಡ್‌ವೇ ಕ್ರಿ.ಶ. 535ರ ರೋಮ್‌ಗೆ ಬೀಳುತ್ತಾನೆ. ಮೊದಲು ಒಬ್ಬ ಸಿರಿಯಾದ ಸಾಲ ಕೊಡುವವನ ಹತ್ತಿರ ಹೋಗಿ, ಅವನ ಗುಮಾಸ್ತರಿಗೆ ನಮ್ಮ ಅಂಕಿ ಲೆಕ್ಕ ಕಲಿಸುತ್ತೇನೆ ಎಂದು ಸಾಲ ಪಡೆಯುತ್ತಾನೆ. ಆ ದುಡ್ಡಲ್ಲಿ ಬ್ರಾಂದಿ ಇಳಿಸುತ್ತಾನೆ. ಸಿಡಿಮದ್ದು ಮಾಡಲು ಹೋಗಿ ಸೋಲುತ್ತಾನೆ. ಎಂಬತ್ತು ವರ್ಷ ದಾಟಿದರೂ ಜನ ಅದನ್ನು ಓದುತ್ತಿರುವುದಕ್ಕೆ ಆ ಸೋಲೂ ಒಂದು ಕಾರಣ ಎಂದು ನನ್ನ ಎಣಿಕೆ. ಅದೇ ಕಥೆಯನ್ನು ನೀವು ಮತ್ತೆ ಬರೆಯಬೇಕಿಲ್ಲ. ನಿಮ್ಮ ಕಥೆಯ ಊರಲ್ಲಿ ರೋಮ್‌ನಲ್ಲಿ ಇಲ್ಲದ ಬೇರೆ ಅನುಕೂಲಗಳಿವೆ.

ನನ್ನನ್ನು ಕೇಳಿದರೆ ನಿಮ್ಮ ನಾಯಕ ಮೊದಲು ಮಾಡಬೇಕಾದದ್ದು ಕನ್ನಡಕ. ಯೋಚಿಸಿ ನೋಡಿ. ಕೊಳವೆಯಲ್ಲಿ ಗಾಜು ಊದುವ ಕೆಲಸ ಆಗಲೇ ನೂರು ವರ್ಷದಷ್ಟು ಹಳೆಯದು. ಅಲೆಕ್ಸಾಂಡ್ರಿಯಾ ಒಳ್ಳೆಯ ಗಾಜಿಗೆ ಹೆಸರಾದ ಊರು. ನೀರು ತುಂಬಿದ ಗಾಜಿನ ಗೋಳದ ಮೂಲಕ ನೋಡಿದರೆ ಸಣ್ಣ ಅಕ್ಷರ ದೊಡ್ಡದಾಗಿ ಕಾಣುತ್ತದೆ ಎಂದು ಅದೇ ಕಾಲದ ರೋಮನ್ ಪಂಡಿತ ಸೆನೆಕಾ ಬರೆದಿದ್ದಾನೆ. ಉಜ್ಜಲು ನಕ್ಸೋಸ್ ದ್ವೀಪದ ಎಮರಿ ಪುಡಿ ಇದೆ, ರತ್ನ ಕೆತ್ತುವವರು ದಿನಾ ಬಳಸುವಂಥದ್ದು. ಊದಿದ ಗೋಳದ ಬಿಲ್ಲೆ ಕತ್ತರಿಸಿದರೆ ಸಾಲದು, ಅದರ ದಪ್ಪ ಎಲ್ಲ ಕಡೆ ಒಂದೇ ಇರುತ್ತದೆ. ದಪ್ಪ ಗಾಜಿನ ತುಂಡನ್ನು ಕುಳಿಯಾದ ಕಂಚಿನ ಬಟ್ಟಲಲ್ಲಿ ಎಮರಿ, ನೀರು ಹಾಕಿ ತಿರುಗಿಸಿ ತಿರುಗಿಸಿ ಉಜ್ಜಬೇಕು. ಪುಡಿ ದಿನ ಹೋದಂತೆ ಸಣ್ಣದಾಗಬೇಕು. ಕೊನೆಗೆ ತೊಗಲಿನ ಮೇಲೆ ತಿಕ್ಕಿ ಹೊಳಪು ಬರಿಸಬೇಕು. ಗಾಜಿನೊಳಗೆ ಗುಳ್ಳೆ ಇದ್ದರೆ ಅಷ್ಟೂ ದಿನದ ಕೆಲಸ ಹಾಳು. ಯುರೋಪಿನಲ್ಲಿ ಕನ್ನಡಕ ಬಂದದ್ದು 13ನೇ ಶತಮಾನದ ಕೊನೆಯಲ್ಲಿ, ಇಟಲಿಯಲ್ಲಿ. ಅದಕ್ಕೆ ಬೇಕಾದ ಸಾಮಾನೆಲ್ಲ ಅದಕ್ಕಿಂತ ಸಾವಿರ ವರ್ಷ ಮೊದಲೇ ಈ ಊರಲ್ಲಿ ಬಿದ್ದಿತ್ತು.

ಗಿರಾಕಿಯೂ ಸಿದ್ಧವಿದ್ದಾನೆ. ಆ ಊರು ತುಂಬ ಪಪೈರಸ್ ಸುರುಳಿ ನಕಲು ಮಾಡುವವರು, ಕಚೇರಿಯ ಗುಮಾಸ್ತರು, ಪಂಡಿತರು. ನಲವತ್ತೈದು ದಾಟಿದ ಕೂಡಲೇ ಅವರಿಗೆಲ್ಲ ಚಾಳೀಸು. ಕಣ್ಣು ಮಂಜಾದ ನಕಲುಗಾರನಿಗೆ ಕೆಲಸ ಹೋಗುತ್ತದೆ. ಅವನ ಮೂಗಿನ ಮೇಲೆ ಎರಡು ಬಿಲ್ಲೆ ಇಟ್ಟರೆ ಮತ್ತೆ ಹತ್ತು ವರ್ಷ ಬರೆಯುತ್ತಾನೆ. ಅವನಿಗೆ ಯಾವ ಸಿದ್ಧಾಂತವನ್ನೂ ವಿವರಿಸಬೇಕಿಲ್ಲ, ಹಾಕಿಕೊಂಡರೆ ಗೊತ್ತಾಗುತ್ತದೆ. ವಯಸ್ಸಾದ ಹೆರೋನನೇ ಮೊದಲ ಗಿರಾಕಿ ಯಾಕಾಗಬಾರದು?

ಅಚ್ಚುಯಂತ್ರವನ್ನು ಇದರ ಮುಂದೆ ನಾನು ಕಡಿಮೆ ಇಷ್ಟಪಡುತ್ತೇನೆ. ತಿರುಪಿನ ಒತ್ತುಯಂತ್ರ ಎಣ್ಣೆ, ದ್ರಾಕ್ಷಿ ಹಿಂಡಲು ಆಗಲೇ ಬಂದಿತ್ತು. ಹೊಸ ಬಗೆಯದು ಈಚೆಗಿನ ಇಪ್ಪತ್ತೆರಡು ವರ್ಷಗಳಲ್ಲಿ ಬಂತು ಎಂದು ಅದೇ ಕಾಲದ ರೋಮನ್ ಲೇಖಕ ಪ್ಲಿನಿ ಬರೆಯುತ್ತಾನೆ. ಕಾಗದ ಮಾತ್ರ ಇಲ್ಲ. ಪಪೈರಸ್ ಹಾಳೆ ಅಂದರೆ ಅಡ್ಡ ಉದ್ದ ಜೋಡಿಸಿ ಒತ್ತಿದ ಸೀಳುಗಳು, ಮೈಯೆಲ್ಲ ಗೆರೆ ಗೆರೆ, ಜೋರಾಗಿ ಒತ್ತಿದರೆ ಬಿರುಕು. ಕಾಗದ ಮೊದಲು ಮಾಡು ಅಂದರೆ ಅದು ಬೇರೆಯೇ ಕಾದಂಬರಿಯಾಗುತ್ತದೆ. ಸೊನ್ನೆ ಸೇರಿದ ಅಂಕಿಗಳನ್ನು ಬೇಕಾದರೆ ಒಬ್ಬ ವ್ಯಾಪಾರಿಗೆ ಕಲಿಸಲಿ, ಆದರೆ ಊರಿಗೆ ಊರೇ ಕುಣಿದಾಡುವಂತೆ ತೋರಿಸಬೇಡಿ. 1299ರಲ್ಲಿ ಕೂಡ ಫ್ಲಾರೆನ್ಸಿನ ಹಣ ಬದಲಿಸುವವರ ಸಂಘ ಲೆಕ್ಕದ ಪುಸ್ತಕದಲ್ಲಿ ಈ ಅಂಕಿ ಬಳಸಬಾರದು ಎಂದು ಕಟ್ಟು ಮಾಡಿತ್ತು.

ಈಗ ನಿಮ್ಮ ಮೂರೂ ಅಧ್ಯಾಯದಲ್ಲಿ ಇಲ್ಲದ ಒಂದು ಸಂಗತಿ, ಮತ್ತು ನನಗೆ ಅತಿ ಹೆಚ್ಚು ರುಚಿ ಹುಟ್ಟಿಸಿದ ಸಂಗತಿ: ಸರ್ಕಾರಿ ಕಾಗದಪತ್ರ. ರೋಮನ್ ಈಜಿಪ್ಟಿನಲ್ಲಿ ಹದಿನಾಲ್ಕು ವರ್ಷಕ್ಕೊಮ್ಮೆ ಮನೆಮನೆ ಜನಗಣತಿ. ಆ ಸುತ್ತುಗಳಲ್ಲಿ ಒಂದು ಬೀಳುವುದು ಕ್ರಿ.ಶ. 61-62ಕ್ಕೆ. ನಿಮ್ಮ ನಾಯಕ ಸರಿಯಾಗಿ ಅದರ ಬಾಯಿಗೇ ಬಂದು ಬಿದ್ದಿದ್ದಾನೆ! ಮನೆಯ ಯಜಮಾನ ಮನೆಯಲ್ಲಿರುವ ಹೆಂಗಸರು, ಮಕ್ಕಳು, ಗುಲಾಮರು, ಬಾಡಿಗೆಯವರು ಎಲ್ಲರ ಹೆಸರು ಬರೆದುಕೊಡಬೇಕು. ಯಾರು ರೋಮನ್ ಪ್ರಜೆ, ಯಾರು ಅಲೆಕ್ಸಾಂಡ್ರಿಯಾದ ಪ್ರಜೆ, ಯಾರು ತಲೆಗಂದಾಯ ಕಟ್ಟುವ ಈಜಿಪ್ಟಿನವ ಅನ್ನುವುದರ ಮೇಲೆ ಬದುಕು ನಿಂತಿದೆ. ಯಾವ ಪಟ್ಟಿಗೂ ಸೇರದವನನ್ನು ಓಡಿಬಂದ ಗುಲಾಮ ಎಂದು ಅನುಮಾನಿಸುವುದು ಸುಲಭ. ಆ ಕಾಲದ ಕರಾರು ಪತ್ರಗಳಲ್ಲಿ ಜನರನ್ನು ಗುರುತಿಸುವುದು ವಯಸ್ಸು ಮತ್ತು ಮೈಮೇಲಿನ ಗಾಯದ ಕಲೆಯಿಂದ. "ಇಂಥವನು, ಸುಮಾರು ಮೂವತ್ತೈದು ವರ್ಷ, ಎಡತೋಳಿನಲ್ಲಿ ಕಲೆ." ನಿಮ್ಮ ದಾವಣಗೆರೆಯವನ ಎಡತೋಳಿನಲ್ಲಿ ಬಿಸಿಜಿ ಚುಚ್ಚಿದ ಗುರುತು ಇರುತ್ತದಲ್ಲ? ಗುಮಾಸ್ತ ಅದನ್ನು ಬಗ್ಗಿ ನೋಡಿ, ಬರೆದುಕೊಳ್ಳುವ ಸೀನ್ ಒಂದನ್ನು ದಯವಿಟ್ಟು ಬರೆಯಿರಿ. ಕಾಲಯಾನವನ್ನು ನಂಬಿಸಲು ಗ್ರಹಣ, ಮಿಂಚುಗಳಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಭಾಷೆಯೂ ಸರಿಪಡಿಸಬೇಕು. ನಾಯಕ ಬಂದ ದಿನವೇ ಬೀದಿಯಲ್ಲಿ ಲ್ಯಾಟಿನ್ ಮಾತಾಡುತ್ತಾನೆ. ಅಲೆಕ್ಸಾಂಡ್ರಿಯಾದ ಬೀದಿಯಲ್ಲಿ ನಡೆಯುತ್ತಿದ್ದದ್ದು ಗ್ರೀಕ್. ಹಳ್ಳಿಗೆ ಹೋದರೆ ಈಜಿಪ್ಟಿನ ಭಾಷೆ. ಲ್ಯಾಟಿನ್ ಸೈನ್ಯದವರದು. ಅವನು ಮೊದಲ ಆರು ತಿಂಗಳು ಕೈಸನ್ನೆಯಲ್ಲೇ ಕಳೆಯಲಿ, ಗಾಜಿನ ಕುಲುಮೆಯಲ್ಲಿ ತಿದಿ ಒತ್ತುತ್ತಾ ಮಾತು ಕಲಿಯಲಿ. ಕನ್ನಡಕಕ್ಕೆ ದಾರಿಯೂ ಅಲ್ಲಿಂದಲೇ ಸಿಗುತ್ತದೆ.

ಮುಂದೆ ಆಗುವುದೆಲ್ಲ ಅವನಿಗೆ ಗೊತ್ತಲ್ಲ, ಭವಿಷ್ಯ ಹೇಳಿ ದೊಡ್ಡವನಾಗಲಿ ಎಂದು ನಿಮ್ಮ ಟಿಪ್ಪಣಿಯಲ್ಲಿದೆ. ಆಗಿನ ರೋಮನ್ ಚಕ್ರವರ್ತಿ ನೀರೋ ಸಾಯುವ ವರ್ಷ ಹೇಳಿದರೆ ತಲೆ ಹೋಗುತ್ತದೆ. ಚಕ್ರವರ್ತಿಯ ಸಾವಿನ ಬಗ್ಗೆ ಜೋಯಿಸರನ್ನು ಕೇಳುವುದೇ ಅಪರಾಧ. ಊರು ಬಿಡಬೇಕಾದ ವರ್ಷ ಮಾತ್ರ ಅವನಿಗೆ ನೆನಪಿದ್ದರೆ ಒಳ್ಳೆಯದು. 66ರಲ್ಲಿ ಅಲೆಕ್ಸಾಂಡ್ರಿಯಾದ ಗ್ರೀಕರಿಗೂ ಯಹೂದಿಗಳಿಗೂ ಗಲಭೆ ಎದ್ದು, ಪ್ರಿಫೆಕ್ಟ್ (ಈಜಿಪ್ಟನ್ನು ಆಳುವ ರೋಮನ್ ಅಧಿಕಾರಿ) ಟೈಬೀರಿಯಸ್ ಜೂಲಿಯಸ್ ಅಲೆಕ್ಸಾಂಡರ್ ಸೈನ್ಯ ಬಿಟ್ಟ. ಸತ್ತವರು ಐವತ್ತು ಸಾವಿರ ಎಂದು ಆ ಕಾಲದ ಯಹೂದಿ ಇತಿಹಾಸಕಾರ ಜೋಸೆಫಸ್ ಬರೆಯುತ್ತಾನೆ. ನಿಮ್ಮ ನಾಯಕನ ಗಾಜಿನ ಯಜಮಾನ ಯಹೂದಿಯಾಗಿದ್ದರೆ? ಗೊತ್ತಿದ್ದೂ ಹೇಳುವುದು ಹೇಗೆ? ಉಗಿಬಂಡಿ ಓಡುತ್ತದೋ ಇಲ್ಲವೋ ಅನ್ನುವುದಕ್ಕಿಂತ ಈ ಪ್ರಶ್ನೆಗೆ ನಾನು ಪುಟ ತಿರುಗಿಸುತ್ತೇನೆ.

ದೊರೆಗಳು ಯಂತ್ರ ಕಂಡ ಕೂಡಲೇ ಬಾಚಿ ತಬ್ಬಿಕೊಳ್ಳುತ್ತಿದ್ದರು ಅಂತಲೂ ಇಲ್ಲ. ಮುಂದೆ ಚಕ್ರವರ್ತಿಯಾದ ವೆಸ್ಪಾಸಿಯನ್ ಹತ್ತಿರ ಒಬ್ಬ ಬಂದು, ಭಾರೀ ಕಂಬಗಳನ್ನು ಕಡಿಮೆ ಖರ್ಚಲ್ಲಿ ಸಾಗಿಸುವ ಉಪಾಯ ಇದೆ ಅಂದನಂತೆ. ಚಕ್ರವರ್ತಿ ಅವನಿಗೆ ಒಳ್ಳೆಯ ಬಹುಮಾನ ಕೊಟ್ಟ. ಉಪಾಯ ಬೇಡ ಅಂದ, ತನ್ನ ಬಡಜನಕ್ಕೆ ತಾನು ಅನ್ನ ಹಾಕಬೇಕು ಎಂದ. ಇದು ರೋಮನ್ ಇತಿಹಾಸಕಾರ ಸುಟೋನಿಯಸ್ ಹೇಳುವ ಕಥೆ. ನಿಮ್ಮ ನಾಯಕನ ನ್ಯೂಕಮೆನ್ ಎಂಜಿನ್ನಿಗೂ ಇಂಥ ಗತಿ ಕಾಣಿಸಿದರೆ ಓದುಗ ತಲೆದೂಗುತ್ತಾನೆ. ಇಲ್ಲವೇ ಅದನ್ನು ಯಾವುದಾದರೂ ಗುಡಿಯವರು ಕೊಂಡು, ಹಬ್ಬದ ದಿನ ಒಂದೆರಡು ಗಳಿಗೆ ನಡೆಸಿ, ಜನ ಕೈ ಮುಗಿಯಲಿ.

ಕೊನೆಗೆ ನಮ್ಮ ಕಡೆಯವರ ಪ್ರಶ್ನೆ. ಅಲೆಕ್ಸಾಂಡ್ರಿಯಾದಲ್ಲಿ ಭಾರತದವರು ಇದ್ದರು, ಆದರೆ ಕೈಬೆರಳೆಣಿಕೆ. ಆಮೇಲೆ ಅಲ್ಲಿ ಭಾಷಣ ಮಾಡಿದ ಗ್ರೀಕ್ ವಾಗ್ಮಿ ಡಿಯೊ ಕ್ರಿಸೋಸ್ತಮ್ ಸಭೆಯಲ್ಲಿ ಕೆಲವು ಭಾರತೀಯರೂ ಕೂತಿದ್ದಾರೆ ಅನ್ನುತ್ತಾನೆ. ಜಾಸ್ತಿ ಸಿಗುವುದು ಕೆಂಪು ಸಮುದ್ರದ ಬಂದರು ಬೆರೆನಿಕೆಯಲ್ಲಿ. ಅಲ್ಲಿ ಒಂದು ಗುಡಿಯ ಅಂಗಳದಲ್ಲಿ ಭಾರತದ ಹರವಿ ಸಿಕ್ಕಿತು, ಒಳಗೆ ಏಳೂವರೆ ಕಿಲೋ ಕರಿಮೆಣಸು ಹಾಗೇ ಇತ್ತು. ತಮಿಳು ಹೆಸರು ಗೀಚಿದ ಮಡಕೆ ಚೂರುಗಳೂ ಆ ತೀರದಲ್ಲಿ ಸಿಕ್ಕಿವೆ. ಇತ್ತ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ, 2ನೇ ಶತಮಾನದ ಟಾಲೆಮಿಯ ಭೂಗೋಳದಲ್ಲಿ ಬನವಾಸಿಯ ಹೆಸರಿದೆ. ಹಾಗಾಗಿ ಕರಾವಳಿಯ ಒಬ್ಬ ಮೆಣಸಿನ ವ್ಯಾಪಾರಿ ಬೆರೆನಿಕೆಯಲ್ಲಿ ಸಿಕ್ಕರೆ ನಾನು ತಕರಾರು ಮಾಡುವುದಿಲ್ಲ.

ಅವರಿಬ್ಬರೂ ಸಲೀಸಾಗಿ ಮಾತಾಡಿದರೆ ಮಾತ್ರ ತಕರಾರು. ಹಲ್ಮಿಡಿ ಶಾಸನಕ್ಕೂ ಸುಮಾರು ನಾನೂರು ವರ್ಷ ಹಿಂದಿನ ಕಾಲ ಅದು. ನಾಯಕ ಹಾಲು, ಹತ್ತು ಅಂದರೆ ಅವನು ಪಾಲು, ಪತ್ತು ಎಂಬಂತೆ ಏನೋ ಅಂದಾನು. ಒಂದೊಂದು ಮಾತು ಹಿಡಿದು ಎಳೆದು ಅರ್ಥ ಮಾಡಿಕೊಳ್ಳಬೇಕು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ 2ನೇ ಶತಮಾನದ ಗ್ರೀಕ್ ಪ್ರಹಸನದಲ್ಲಿ ಭಾರತದ ತೀರದ ರಾಜ ಮತ್ತು ಅವನ ಜನ ಆಡುವ ಮಾತು ಕನ್ನಡವೇ ಇರಬೇಕು ಎಂದು 1904ರಲ್ಲಿ ಜರ್ಮನ್ ಪಂಡಿತ ಹುಲ್ಟ್ಶ್ ಅಂದರು, ಆಮೇಲೆ ಆರ್. ಶಾಮಶಾಸ್ತ್ರಿಗಳೂ ಅದನ್ನು ಬೆಂಬಲಿಸಿದರು. ತುಳು ಅನ್ನುವವರಿದ್ದಾರೆ, ಬರೀ ನಗಿಸಲು ಬರೆದ ಅರ್ಥವಿಲ್ಲದ ಮಾತು ಅನ್ನುವವರೂ ಇದ್ದಾರೆ. ತೀರ್ಮಾನವಾಗಿಲ್ಲ, ಅದು ಕಾದಂಬರಿಕಾರನಿಗೆ ಒಳ್ಳೆಯದೇ. ನಿಮ್ಮ ನಾಯಕ ಆಡಿದ ನಾಲ್ಕು ಮಾತು ಯಾವನೋ ನಾಟಕದವನ ಕಿವಿಗೆ ಬಿದ್ದು ಹಾಗೆ ಉಳಿಯಿತು ಎಂದು ಬರೆದರೆ ಯಾರು ಬೇಡ ಅಂದಾರು?

ಅವನು ಊರಿಗೆ ಮರಳಲು ಹೊರಟರೆ ಲೆಕ್ಕ ಇಟ್ಟುಕೊಳ್ಳಿ. ಹಡಗು ಜುಲೈ ಹೊತ್ತಿಗೆ ಮುಂಗಾರಿನ ಗಾಳಿ ಹಿಡಿದು ಹೊರಡುತ್ತದೆ. ಅಲೆಕ್ಸಾಂಡ್ರಿಯಾದಿಂದ ನೈಲ್ ನದಿಯಲ್ಲಿ ಕೊಪ್ಟೋಸ್‌ವರೆಗೆ ದೋಣಿ. ಅಲ್ಲಿಂದ ಬೆರೆನಿಕೆಗೆ ಒಂಟೆ ಮೇಲೆ ಹನ್ನೆರಡು ದಿನ, ಬಿಸಿಲಿಗೆ ಹೆದರಿ ಹೆಚ್ಚಾಗಿ ರಾತ್ರಿ ಪಯಣ. ಈ ಮರಳುದಾರಿಗೂ ಸುಂಕವಿತ್ತು. ಕ್ರಿ.ಶ. 90ರ ಕೊಪ್ಟೋಸ್ ಶಾಸನದಲ್ಲಿ ದರಪಟ್ಟಿಯೇ ಇದೆ: ನಾವಿಕನಿಗೆ 5 ದ್ರಾಕ್ಮಾ (ಅಲ್ಲಿನ ನಾಣ್ಯ), ವೇಶ್ಯೆಗೆ 108. ದೇಶ ಬಿಟ್ಟು ಹೊರಡುವವನಿಗೆ ಪ್ರಿಫೆಕ್ಟನ ಕಡೆಯಿಂದ ರಹದಾರಿ ಬೇಕು. ಜನಗಣತಿಯ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಅದನ್ನು ಕೊಡಿಸುವುದು ಹೇಗೆ ಎಂದು ನಾಲ್ಕನೇ ಅಧ್ಯಾಯದಲ್ಲೇ ಯೋಚಿಸಿಡಿ. ಕಚೇರಿಯ ಮುದಿ ಗುಮಾಸ್ತನಿಗೆ ಕಣ್ಣು ಕಾಣದಿದ್ದರೆ ಕೆಲಸ ಸುಲಭವಾದೀತು.